ಬಹುಮಾನ ಬಂದ ಫೋಟೊದಲ್ಲಿ ಅಪ್ಪ ಇರಲಿಲ್ಲ

ನಮ್ಮ ಬೀದಿಯವರಿಗೆ ಅವನ ನಿಜವಾದ ಹೆಸರು ಮರೆತೇಹೋಗಿತ್ತು. ಚಿಕ್ಕವರಿಗೂ ದೊಡ್ಡವರಿಗೂ ಅವನು ಲೆನ್ಸಣ್ಣ. ಬೀದಿಯ ತಿರುವಿನಲ್ಲಿ ಕೆಳಗೆ ಅವನ ಸ್ಟುಡಿಯೊ, ಮೇಲೆ ಮನೆ. ಸ್ಟುಡಿಯೊ ಅಂದರೆ ಬೂದು ಬಣ್ಣದ ಪರದೆ, ತಿರುಗುವ ಸ್ಟೂಲು, ಬಿಳಿ ಕೊಡೆ ಸಿಕ್ಕಿಸಿದ ಎರಡು ದೀಪ, ಒಂದು ಕನ್ನಡಿ, ಯಾರೂ ಜೇಬಿಗಿಳಿಸದಿರಲಿ ಎಂದು ಕನ್ನಡಿಯ ಮೊಳೆಗೆ ದಾರ ಹಾಕಿ ಕಟ್ಟಿದ ಬಾಚಣಿಗೆ. ಮುಂದಿನ ಕೌಂಟರಿನಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಪ್ರಿಂಟ್ ತೆಗೆಯುವುದು, ಕತ್ತರಿಸುವುದು, ಕವರಿಗೆ ಹಾಕಿ ಕೊಡುವುದು, ಜಗಳಕ್ಕೆ ಬಂದವರನ್ನು ನಗಿಸಿ ಕಳಿಸುವುದು ಎಲ್ಲ ಅವಳದೇ.

ಮೊಬೈಲುಗಳಿಗೆ ಇನ್ನೂ ಒಳ್ಳೆಯ ಕ್ಯಾಮೆರಾ ಬಂದಿರದ ಕಾಲ ಅದು. ಆದರೆ ಸೋಪಿನ ಡಬ್ಬಿಯಷ್ಟು ಚಿಕ್ಕ ಡಿಜಿಟಲ್ ಕ್ಯಾಮೆರಾಗಳು ಮನೆಮನೆಗೂ ಬರತೊಡಗಿದ್ದವು. ಮೊದಲು ಮಕ್ಕಳ ಹುಟ್ಟುಹಬ್ಬಕ್ಕೆ ಲೆನ್ಸಣ್ಣನನ್ನು ಕರೆಯುತ್ತಿದ್ದವರು ಈಗ ತಾವೇ ಹೊಡೆದುಕೊಂಡ ಫೋಟೊಗಳ ಮೆಮರಿ ಕಾರ್ಡ್ ತಂದು ಕೌಂಟರಿನ ಮೇಲಿಡುತ್ತಿದ್ದರು. ಇಡುವಾಗ ಸುಮ್ಮನಿರುತ್ತಿರಲಿಲ್ಲ. ನಿಮ್ಮ ಆ ಫಿರಂಗಿಗೂ ನಮ್ಮ ಈ ಸಣ್ಣದಕ್ಕೂ ಅಂಥ ವ್ಯತ್ಯಾಸ ಏನಣ್ಣ ಎಂದು ಕೆಣಕುತ್ತಿದ್ದರು.

ಅವನಿಗೆ ಅಷ್ಟು ಸಾಕು. ಗೋಡೆಯಿಂದ ಎರಡು ದೊಡ್ಡ ಪ್ರಿಂಟ್ ಇಳಿಸುತ್ತಿದ್ದ. ಒಂದೇ ಕಿಟಕಿ, ಒಂದೇ ಹೂದಾನಿ, ಒಂದೇ ಸಂಜೆ. ಒಂದು ಅವನ ದುಬಾರಿ ಕ್ಯಾಮೆರಾದ್ದು, ಇನ್ನೊಂದು ಯಾರದೋ ಸಣ್ಣ ಕ್ಯಾಮೆರಾದ್ದು. ಸಣ್ಣದರಲ್ಲಿ ನೆರಳೆಲ್ಲ ಕಲಸಿದ ಕೆಸರಿನ ಹಾಗೆ. ಅವನದರಲ್ಲಿ ಹೂವಿನ ಎಸಳಿನ ನರ ಕೂಡ ಎಣಿಸಬಹುದು, ಹಿಂದಿನ ಗೋಡೆ ಬೆಣ್ಣೆಯ ಹಾಗೆ ಕರಗಿರುತ್ತಿತ್ತು. ಒಳಗಿನ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸಿನ ಬಾಯಿ ಎಷ್ಟು ಅಗಲ, ಕತ್ತಲಲ್ಲಿ ಬೆಳಕನ್ನು ಹೇಗೆ ಹೀರುತ್ತದೆ ಎಂದು ಗಿರಾಕಿಗಳಿಗೆ ಬಸ್ಸು ತಪ್ಪಿಹೋಗುವವರೆಗೂ ಹೇಳುತ್ತಿದ್ದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಎರಡು ಪ್ರಿಂಟ್ ನೋಡಿದವರು ಯಾರೂ ಎದುರು ಮಾತಾಡುತ್ತಲೂ ಇರಲಿಲ್ಲ.

ಅವರ ಜೊತೆಗಿದ್ದದ್ದು ಅವನ ಅಪ್ಪ. ಮುದುಕ ಆಯಸ್ಸೆಲ್ಲ ಬೇಕರಿಯಲ್ಲಿ ದುಡಿದವನು. ಊರು ಏಳುವ ಮೊದಲೇ ಹೋಗಿ ಭಟ್ಟಿ ಹೊತ್ತಿಸಿ, ಹಿಟ್ಟು ನಾದಿ, ಬೆಳಗಾಗುವಾಗ ಬ್ರೆಡ್ಡಿನ ಟ್ರೇಗಳನ್ನು ಬಸ್ಸಿಗೆ ಹತ್ತಿಸಿ ಬರುತ್ತಿದ್ದ ಮೇಸ್ತ್ರಿ. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಗಾಯದ ಹಳೆಯ ಕಲೆ. ಹೆಂಡತಿ ಸತ್ತ ಮೇಲೆ ಅವನಿಗೆ ಮರೆವು ಶುರುವಾಯಿತು. ಮೊದಲು ಚಪ್ಪಲಿ ಎಲ್ಲಿಟ್ಟೆ ಎನ್ನುವಷ್ಟು, ಆಮೇಲೆ ಮಗ ಯಾರು ಎನ್ನುವಷ್ಟು. ಬೇಕರಿ ಮುಚ್ಚಿ ಆ ಜಾಗದಲ್ಲಿ ಸೋಫಾ ಅಂಗಡಿ ಬಂದಿತ್ತು. ಆದರೂ ನಸುಕಿನಲ್ಲಿ ಎದ್ದು ಭಟ್ಟಿಗೆ ಹೊತ್ತಾಯ್ತು ಎಂದು ಬಾಗಿಲ ಕಡೆ ಹೊರಡುತ್ತಿದ್ದ. ಅದಕ್ಕೇ ಬಾಗಿಲಿಗೆ ಅವನ ಕೈಗೆಟುಕದಷ್ಟು ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿದ್ದರು.

ಲೆನ್ಸಣ್ಣನಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಇತ್ತು, ಆದರೆ ಅದು ಹೊರಗೆ ಬರುತ್ತಿದ್ದದ್ದು ಕ್ಯಾಮೆರಾದ ಹಿಂದಿನಿಂದ. ಒಂದು ಸಲ ವಾರವೆಲ್ಲ ಅಪ್ಪನಿಗೆ ಗಡ್ಡ ತೆಗೆಯಲು ಬಿಡದೆ, ಸ್ವೆಟರ್ ಬಿಚ್ಚಿಸಿ, ಹೆಗಲಿಗೆ ಕಪ್ಪು ಕಂಬಳಿ ಹೊದಿಸಿ ಕಿಟಕಿಯ ಪಕ್ಕ ಕೂರಿಸಿದ. ಆ ಫೋಟೊದಲ್ಲಿ ಮುಖದ ಅರ್ಧ ಕತ್ತಲು. ಬೆಳಕು ಬಿದ್ದದ್ದು ಕೆನ್ನೆಯ ಮೂಳೆಗೆ, ಒಂದು ಕಣ್ಣಿಗೆ, ಬೆಳ್ಳಿ ಎಳೆಯಂಥ ಗಡ್ಡಕ್ಕೆ. ಆ ಕಣ್ಣಿನಲ್ಲಿ ಲೋಕವನ್ನೆಲ್ಲ ಕಂಡು ಸಾಕಾದವನ ಗಾಂಭೀರ್ಯ. ಫೋಟೊಗ್ರಫಿ ಸಂಘದ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ದೊಡ್ಡದು ಮಾಡಿಸಿ ಸ್ಟುಡಿಯೊದ ಗೋಡೆಗೆ ಹಾಕಿದ. ಅಪ್ಪ ಒಂದು ದಿನ ಅದರ ಮುಂದೆ ನಿಂತು, ಯಾರಮ್ಮ ಈ ದೊಡ್ಡ ಮನುಷ್ಯರು ಎಂದು ಸೊಸೆಯನ್ನು ಕೇಳಿದ. ಮರೆವಿನ ಮಾತು ಎಂದು ಎಲ್ಲರೂ ನಕ್ಕರು.

ಹೆಂಡತಿಗೂ ಒಂದು ಕ್ಯಾಮೆರಾ ಸಿಕ್ಕಿತ್ತು. ಪ್ರಿಂಟ್ ಪೇಪರ್ ಕೊಡುವ ಏಜೆಂಟ್ ಉಡುಗೊರೆ ಎಂದು ಕೊಟ್ಟುಹೋದ ಸಣ್ಣ ಕ್ಯಾಮೆರಾ. ಕೆಲಸದ ನಡುವೆ ಅವಳು ಅದರಲ್ಲಿ ಮಾವನನ್ನು ಕ್ಲಿಕ್ಕಿಸುತ್ತಿದ್ದಳು. ಮಾವ ಗಡ್ಡ ಕೆರೆಯಲು ಕೂತದ್ದು, ಚಹಾದಲ್ಲಿ ಬ್ರೆಡ್ ಅದ್ದುತ್ತಿರುವುದು, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಬಿಸಿಲು ಕಾಯುತ್ತಿರುವುದು. ಗಂಡ ಒಮ್ಮೆ ಅವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಫ್ಲ್ಯಾಷಿಗೆ ಹಣೆ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಕಣ್ಣು ಕೆಂಪಗಾಗಿದ್ದವು, ಹಿಂದೆ ಒಳಚಡ್ಡಿಗಳ ಸಾಲು. ಇದನ್ನು ಪ್ರಿಂಟ್ ಹಾಕಿದರೆ ಪೇಪರಿಗೇ ಅವಮಾನ ಅಂದ. ತಮಾಷೆಗೇ ಅಂದದ್ದು. ಅವಳೂ ನಕ್ಕಳು. ಆಮೇಲೆ ಕ್ಯಾಮೆರಾವನ್ನು ಊರಾಚೆಯ ಬಡಾವಣೆಯಲ್ಲಿದ್ದ ತಂಗಿಯ ಮಗಳಿಗೆ ಆಟಕ್ಕೆ ಇರಲಿ ಎಂದು ಕೊಟ್ಟುಬಿಟ್ಟಳು.

ಆ ಚಳಿಗಾಲದಲ್ಲಿ ಲೆನ್ಸಣ್ಣ ಹೊಸ ಲೆನ್ಸ್ ತಂದ. ಬಹಳ ದಿನದಿಂದ ಆಸೆಪಟ್ಟದ್ದು. ಕೆರೆಯ ಮೇಲೆ ಮಂಜು ಕೂತಾಗ ಅದನ್ನು ಪರೀಕ್ಷೆ ಮಾಡಬೇಕೆಂದು ಒಂದು ನಸುಕಿನಲ್ಲಿ ಸದ್ದಿಲ್ಲದೆ ಎದ್ದು ಹೊರಟ. ಮೇಲಿನ ಚಿಲಕ ಒಳಗಿನಿಂದ ಮಾತ್ರ ಹಾಕುವಂಥದ್ದು. ಹೆಂಡತಿಯನ್ನು ಎಬ್ಬಿಸಿ ಹಾಕಿಕೊಳ್ಳಲು ಹೇಳಬೇಕಿತ್ತು. ಹಿಂದಿನ ದಿನವೆಲ್ಲ ನಿಂತು ದಣಿದಿದ್ದಾಳೆ, ಮಲಗಲಿ, ಬೇಗ ಬಂದುಬಿಡುತ್ತೇನಲ್ಲ ಎಂದುಕೊಂಡು ಬಾಗಿಲು ಮುಂದಕ್ಕೆಳೆದು ಹೋದ.

ಬಿಸಿಲು ಬಂದ ಮೇಲೆ ಮನೆಗೆ ಬಂದಾಗ ಬಾಗಿಲು ಹಾರುಹೊಡೆದಿತ್ತು. ಹೆಂಡತಿ ಬರಿಗಾಲಿನಲ್ಲಿ ಬೀದಿಯಲ್ಲಿದ್ದಳು. ಮಾವನ ಚಪ್ಪಲಿ ಮೆಟ್ಟಿಲಿನ ಮೇಲೇ ಇತ್ತು.

ಅವನು ಮೊದಲು ಓಡಿದ್ದು ಸೋಫಾ ಅಂಗಡಿಗೆ. ಷಟರ್ ಎಳೆದಿತ್ತು. ಸುತ್ತಮುತ್ತಲ ಓಣಿ, ಪಾರ್ಕು, ರೈಲು ನಿಲ್ದಾಣ, ಆಸ್ಪತ್ರೆಯ ಹೊರರೋಗಿ ವಿಭಾಗ, ಎಲ್ಲ ಕಡೆ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ. ನಾವು ಬೀದಿಯವರೂ ದಿಕ್ಕಿಗೊಬ್ಬರಂತೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದ. ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ಹೆಂಗಸು ಎಲ್ಲ ವಿಚಾರಿಸಿ, ಇತ್ತೀಚಿನ ಒಂದು ಫೋಟೊ ತನ್ನಿ, ಮುಖ ನೇರವಾಗಿ ಕಾಣುವಂಥದ್ದು ಎಂದಳು. ಅವನು ತಲೆಯಾಡಿಸಿ ಹೊರಟ. ಫೋಟೊಗೇನು ಬರ ಎಂದುಕೊಂಡ.

ಕಂಪ್ಯೂಟರಿನ ಮುಂದೆ ಕೂತ. ಅಪ್ಪನ ಹೆಸರಿನ ಫೋಲ್ಡರಿನಲ್ಲಿ ಸಾವಿರಾರು ಚಿತ್ರ. ಹಿಟ್ಟು ಮೆತ್ತಿದ ಬೆರಳುಗಳು. ಕಿಟಕಿಯೆದುರು ಕಪ್ಪು ಆಕೃತಿ. ಓಣಿಯ ಕೊನೆಯಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವ ಮುದುಕ. ಒಂದೇ ಒಂದು ಕಣ್ಣು, ರೆಪ್ಪೆಯ ಕೂದಲು ಕೂದಲೂ ಸ್ಪಷ್ಟ. ಚಹಾದ ಗ್ಲಾಸು ಹರಳಿನಂತೆ ಹೊಳೆಯುತ್ತ, ಅದರ ಹಿಂದೆ ಮಸುಕಾಗಿ ಕರಗಿಹೋದ ಮುಖ. ಮೌಸಿನ ಗುಂಡಿ ಒತ್ತುತ್ತ ಒತ್ತುತ್ತ ಫೋಲ್ಡರಿನ ಕೊನೆ ಮುಟ್ಟಿದ. ಒಂದಾದರೂ ಬೇಕಲ್ಲ. ಎರಡು ಕಿವಿ, ಎರಡು ಕಣ್ಣು, ಒಂದು ಮೂಗು ಇರುವ ಒಂದೇ ಒಂದು ಫೋಟೊ. ಊರಿನವರಿಗೆಲ್ಲ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದುಕೊಟ್ಟವನು ಅಪ್ಪನದನ್ನು ತೆಗೆದೇ ಇರಲಿಲ್ಲ. ಗುರುತಿನ ಚೀಟಿಯಲ್ಲಿದ್ದದ್ದು ಕರಿ ಕೂದಲಿನ, ತುಂಬುಗೆನ್ನೆಯ ಯಾವುದೋ ಕಾಲದ ಮನುಷ್ಯ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಂಗಿಯ ಮನೆಗೆ ಕೊಟ್ಟ ಕ್ಯಾಮೆರಾದ ಮಾತೆತ್ತಿದಳು. "ರೀ, ಅದರಲ್ಲಿ ಮಾವಂದು ಇದ್ವಲ್ಲ. ಹೋಗಿ ತರ್ಲಾ?"

"ಆ ಆಟಿಕೆ ಫೋಟೊ ತಗೊಂಡು ಏನ್ ಮಾಡೋದು? ಸುಣ್ಣ ಬಳಿದ ಹಾಗೆ ಇರುತ್ತೆ ಮುಖ. ಪೋಸ್ಟರಿಗೆ ದೊಡ್ಡದು ಮಾಡಿದ್ರೆ ಏನೂ ಉಳಿಯಲ್ಲ," ಅಂದ ಅವನು, ತಲೆ ಎತ್ತದೆ.

ಅವನು ಬಹುಮಾನದ ಫೋಟೊವನ್ನೇ ತೆಗೆದು, ಕತ್ತಲಿದ್ದ ಕಡೆ ಆದಷ್ಟು ಬೆಳಕು ತಂದು ಪೋಸ್ಟರ್ ಮಾಡಿದ. ಠಾಣೆಯಲ್ಲಿ ಆ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. "ಫೋಟೊ ತುಂಬ ಚೆನ್ನಾಗಿದೆ ಸರ್. ಆದ್ರೆ ಇದರಲ್ಲಿ ಮನುಷ್ಯ ಅರ್ಧಾನೇ ಇದ್ದಾರೆ," ಅಂದಳು. ಬೇರೆ ಇಲ್ಲ ಎಂದ ಮೇಲೆ ನಿಟ್ಟುಸಿರು ಬಿಟ್ಟು ಇಟ್ಟುಕೊಂಡಳು.

ಊರಿನ ಕಂಬ, ಗೋಡೆ, ಬಸ್ ನಿಲ್ದಾಣಗಳಿಗೆಲ್ಲ ಪೋಸ್ಟರ್ ಅಂಟಿಸಿದರು. ಅಕ್ಕಪಕ್ಕದ, ದೂರದ ಊರುಗಳಿಗೂ ಬಸ್ಸಿನವರ ಕೈಲಿ ಕಳಿಸಿದರು. ಜನ ನಿಂತು ನಿಂತು ನೋಡುತ್ತಿದ್ದರು. ಕೆಲವರು ಅದನ್ನು ಕಿತ್ತು ಮನೆಗೆ ಒಯ್ದರಂತೆ, ಅಷ್ಟು ಚೆಂದದ ಚಿತ್ರ. ಫೋನುಗಳು ಬರತೊಡಗಿದವು. ಒಬ್ಬರು ನಾಟಕದವನನ್ನು ಕಂಡಿದ್ದರು, ಇನ್ನೊಬ್ಬರು ನಿವೃತ್ತ ಹೆಡ್‌ಮಾಸ್ಟರನ್ನು. ಪ್ರತಿ ಸಲ ಫೋನು ಹೊಡೆದುಕೊಂಡಾಗ ಇವನ ಜೀವ ಬಾಯಿಗೆ ಬರುತ್ತಿತ್ತು, ಪ್ರತಿ ಸಲ ಹೋಗಿ ಬೆಪ್ಪಾಗಿ ವಾಪಸು ಬರುತ್ತಿದ್ದ. ಸ್ಟುಡಿಯೊದ ಬಾಗಿಲು ತೆಗೆಯಲೇ ಇಲ್ಲ. ಗಡ್ಡ ಬೆಳೆಯಿತು. ಅನ್ನ ಮುಂದಿಟ್ಟರೆ ಅಪ್ಪ ಏನು ತಿಂದಿರ್ತಾರೋ ಎಂದು ತಟ್ಟೆ ಸರಿಸುತ್ತಿದ್ದ. ಹೊರಗೆ ಚಳಿ ಹೆಚ್ಚುತ್ತಲೇ ಇತ್ತು. ಮುದುಕನಿಗೆ ಸಕ್ಕರೆ ಕಾಯಿಲೆ ಬೇರೆ, ಕಾಲಲ್ಲಿ ಚಪ್ಪಲಿಯಿಲ್ಲ. ಮಾತ್ರೆಯ ಡಬ್ಬಿ ಕಪಾಟಿನಲ್ಲಿ ಹಾಗೇ ಕೂತಿತ್ತು.

ಹೀಗಿರುವಾಗ ದೂರದ ಒಂದು ಊರಿನಿಂದ ಫೋನು ಬಂತು. ರೈಲು ನಿಲ್ದಾಣದ ಹೊರಗಿನ ಕಟ್ಟೆಯ ಮೇಲೆ ನಿಮ್ಮ ಅಪ್ಪ ಇದ್ದಾರೆ, ಫೋಟೊ ಪಕ್ಕದಲ್ಲಿಟ್ಟು ನೋಡಿದ್ದೇವೆ, ಕೂದಲಷ್ಟೂ ವ್ಯತ್ಯಾಸವಿಲ್ಲ, ಬೇಗ ಬನ್ನಿ ಎಂದರು. ಲೆನ್ಸಣ್ಣ ಸಿಕ್ಕ ಬಸ್ಸು ಹತ್ತಿದ. ಇಳಿಯುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ದಾರಿ ಬಿಟ್ಟರು.

ಕಟ್ಟೆಯ ಮೇಲೆ ಕೂತಿದ್ದವನು ಎತ್ತರದ ಆಳು. ಕಪ್ಪು ಕಂಬಳಿ ಹೊದ್ದಿದ್ದ. ಬಿಸಿಲು ಒಂದು ಮಗ್ಗುಲಿಗೆ ಬಿದ್ದಿತ್ತು. ಅದೇ ಕೆನ್ನೆ, ಅದೇ ಗಡ್ಡ, ಅದೇ ಗಾಂಭೀರ್ಯ. ಬಹುಮಾನದ ಫೋಟೊ ಅಲ್ಲಿ ಉಸಿರಾಡುತ್ತಿತ್ತು. ಅಪ್ಪನಿಗಿಂತ ಈ ಮನುಷ್ಯನೇ ಆ ಚಿತ್ರಕ್ಕೆ ಹೆಚ್ಚು ಹೋಲುತ್ತಿದ್ದ. ಇವನು ಯಾರು ಎಂಬುದು ಲೆನ್ಸಣ್ಣನಿಗೆ ಗೊತ್ತಿರಲಿಲ್ಲ, ಅಪ್ಪನಂತೂ ಅಲ್ಲ.

"ಇವರು ನಮ್ಮಪ್ಪ ಅಲ್ಲ," ಅಂದ.

ಗುಂಪಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಪೋಸ್ಟರನ್ನು ಮುದುಕನ ಮುಖದ ಪಕ್ಕ ಹಿಡಿದು ತೋರಿಸಿದ. ಇನ್ನೊಬ್ಬ, ದಿನಸಿ ಅಂಗಡಿಯವನಿರಬೇಕು, ಮುಂದೆ ಬಂದು ಕೇಳಿದ. "ನೀವೇ ಹಚ್ಚಿರೋ ಫೋಟೊ ಅಲ್ವೇನ್ರಿ ಇದು? ಈಗ ನೋಡಿ ಅಲ್ಲ ಅಂದ್ರೆ? ಸಾಕೋಕೆ ಆಗಲ್ಲ ಅಂತ ಬಿಟ್ಟು ಹೋಗೋ ಪ್ಲಾನಾ?"

ಅಷ್ಟರಲ್ಲಿ ಆ ಮುದುಕ ಕೈ ಚಾಚಿ ಇವನ ಮಣಿಕಟ್ಟು ಹಿಡಿದುಕೊಂಡ. ಒರಟಾದ, ತಣ್ಣಗಿನ ಕೈ. "ಬಂದ್ಯೇನಪ್ಪ? ನಡಿ ಹೋಗೋಣ," ಅಂದ, ನಿತ್ಯ ಕೂಡಿ ಹೋಗುವವರ ಹಾಗೆ. ಯಾರ ಮಗನನ್ನು ಕಾಯುತ್ತಿದ್ದನೋ.

ಇನ್ನು ಕೇಳಬೇಕೆ? ಜನ ರೇಗಿಬಿದ್ದರು. ಲೆನ್ಸಣ್ಣ ಅಪ್ಪನ ಕೈಯ ಸುಟ್ಟ ಕಲೆಯ ವಿಷಯ ಹೇಳಿದ, ಎತ್ತರದ ವಿಷಯ ಹೇಳಿದ, ಈ ಮನುಷ್ಯನ ತೋಳು ಮೇಲೆತ್ತಿ ತೋರಿಸಿದ. ಫೋಟೊದಲ್ಲಿ ಕೈ ಎಲ್ಲಿದೆ ಎಂದು ಕೇಳಿದರು. ಎತ್ತರ ಎಲ್ಲಿದೆ ಎಂದರು. ಅವನು ಅಂಗಲಾಚುತ್ತಿದ್ದ, ತಾನೇ ತೆಗೆದ ಫೋಟೊ ಸುಳ್ಳು ಎಂದು ಗುರುತು ಪರಿಚಯವಿಲ್ಲದವರ ಎದುರು ವಾದಿಸುತ್ತಿದ್ದ. ಯಾರೋ ಕಾಲರ್ ಹಿಡಿದರು. ಕೊನೆಗೆ ನಿಲ್ದಾಣದ ಪೊಲೀಸಿನವನು ಬಂದು ಬಿಡಿಸಿ, ಇವನ ಊರಿನ ಠಾಣೆಗೆ ಫೋನು ಮಾಡಿ ವಿಚಾರಿಸಿ ಬಸ್ಸು ಹತ್ತಿಸಿದ. ಬಸ್ಸು ಹೊರಟಾಗ ಆ ಮುದುಕ ಕಟ್ಟೆಯಿಂದೆದ್ದು ಅದರ ಹಿಂದೆ ಸ್ವಲ್ಪ ದೂರ ನಡೆದುಬಂದ.

ಮನೆಗೆ ಬಂದವನು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತುಬಿಟ್ಟ. ಹೆಂಡತಿ ನೀರು ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟು ಕೇಳಿದ.

"ಆ ಸಣ್ಣ ಕ್ಯಾಮೆರಾ ಇನ್ನೂ ಇದೆಯಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕೀಲಿ ಎತ್ತಿಕೊಂಡಳು.

ತಂಗಿಯ ಮನೆಯಲ್ಲಿ ಕ್ಯಾಮೆರಾ ಆಟದ ಸಾಮಾನಿನ ಬುಟ್ಟಿಯ ಅಡಿಯಲ್ಲಿತ್ತು. ಬ್ಯಾಟರಿ ಸತ್ತಿತ್ತು. ಚಾರ್ಜರ್ ಹುಡುಕುವುದೇ ಒಂದು ಪಾಡಾಯಿತು. ತಂಗಿಗೆ ಆಗಲೇ ಅಳು ಬಂದಿತ್ತು. "ಭಾವ, ಕಾರ್ಡ್ ತುಂಬಿಹೋಗಿತ್ತು ಅಂತ ಹಳೇದೆಲ್ಲ ಅಳಿಸಿಬಿಟ್ಟೆ. ಇಂಥದ್ದು ಆಗುತ್ತೆ ಅಂತ ನಂಗೇನ್ ಗೊತ್ತು," ಅಂದಳು. ಲೆನ್ಸಣ್ಣ ಅವಳನ್ನು ಬಯ್ಯಲಿಲ್ಲ. ಬಯ್ಯುವ ಮುಖ ಅವನಿಗೆಲ್ಲಿತ್ತು.

ಪರದೆ ಬೆಳಗಿತು. ಬೆಕ್ಕು. ಬೆಕ್ಕಿನ ಬಾಲ. ಮಗುವಿನ ಹೆಬ್ಬೆರಳು. ಮತ್ತೆ ಬೆಕ್ಕು. ಒಂದೊಂದಾಗಿ ಹಿಂದಕ್ಕೆ ಹೋದರು. ಎಲ್ಲ ಮುಗಿಯಿತು ಎನ್ನುವಾಗ, ಬಿಳಿ ನೊರೆ ಮೆತ್ತಿಕೊಂಡು ಗಡ್ಡ ಕೆರೆಯಲು ಕೂತ ಮುದುಕ ಬಂದ. ಮಗುವಿಗೆ ಆ ನೊರೆಯ ತಾತ ಇಷ್ಟ, ಅಳಿಸಬೇಡ ಎಂದು ಹಟ ಹಿಡಿದಿತ್ತಂತೆ. ನೊರೆಯ ಮುಖ ಯಾರ ಉಪಯೋಗಕ್ಕೂ ಬರುವಂತಿರಲಿಲ್ಲ. ಅದರ ಹಿಂದೆ, ಅಳಿಸುವಾಗ ಹೇಗೋ ಉಳಿದುಹೋದ ಇನ್ನೊಂದಿತ್ತು. ಕೊನೆಯದು.

ಬಟ್ಟೆಯ ತಂತಿಯ ಕೆಳಗೆ ನಿಂತ ಅಪ್ಪ. ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಫ್ಲ್ಯಾಷು ಮುಖಕ್ಕೆ ಹೊಡೆದಿದೆ. ಎದ್ದು ನಿಂತ ಎರಡು ಕಿವಿ, ಮುಂದಿನ ಹಲ್ಲಿಲ್ಲದ ಬಾಯಿ, ಬಲ ಹುಬ್ಬಿನ ಮೇಲೆ ನರೂಲಿ. ಚೌಕಳಿ ಸ್ವೆಟರ್, ಅದರ ಕೊರಳಿಗೆ ಸೊಸೆ ಹೊಲಿದ ಬೇರೆ ಬಣ್ಣದ ಗುಂಡಿ. ಮೇಲಕ್ಕೆ ಮಡಿಸಿದ ತೋಳು, ಸುಟ್ಟ ಕಲೆ. ಪಕ್ಕದ ನೀರಿನ ಡ್ರಮ್ಮಿನಿಂದ ಆಳು ಎಷ್ಟು ಕುಳ್ಳಗೆ ಎಂಬುದೂ ತಿಳಿಯುತ್ತಿತ್ತು. ಅವನು ನಗುತ್ತಿದ್ದ.

ಲೆನ್ಸಣ್ಣನಿಗೆ ಆ ನರೂಲಿ ನೆನಪೇ ಇರಲಿಲ್ಲ.

ಪೋಸ್ಟರ್ ಮಾಡಲು ಕೂತಾಗ ರೂಢಿಯಿಂದ ಕೈ ಹೊಳಪು ತಗ್ಗಿಸಲು ಹೋಯಿತು, ಹಿಂದಿನ ತಂತಿ ಅಳಿಸಲು ಹೋಯಿತು. ಹೆಂಡತಿ ಅವನ ಕೈ ಹಿಡಿದಳು. ಇದ್ದದ್ದನ್ನು ಇದ್ದ ಹಾಗೇ ಪ್ರಿಂಟ್ ಹಾಕಿದರು. ದೊಡ್ಡದು ಮಾಡಿದಾಗ ಅಂಚೆಲ್ಲ ಒಡೆದುಕೊಂಡು ಕಾಳುಕಾಳಾಯಿತು. ಅವನು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಆದರೂ ಬೀದಿಯ ಆ ತುದಿಯಿಂದ ನೋಡಿದರೂ ಅದು ಮೇಸ್ತ್ರಿಯೇ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ಬಸ್ ನಿಲ್ದಾಣದಲ್ಲಿ ಗಂಡ ಹೆಂಡತಿ ಇಬ್ಬರೂ ಹಳೆಯ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸುತ್ತಿರುವಾಗ ಅಲ್ಲೇ ಹಣ್ಣು ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು ಎದ್ದು ಬಂದಳು.

"ಇವರಾ? ಇವರನ್ನಾ ನೀವು ಹುಡುಕ್ತಿದ್ದದ್ದು?"

"ನೋಡಿದ್ದೀರಾ?" ಅಂದಳು ಹೆಂಡತಿ.

"ನೋಡೋದೇನು, ಇಲ್ಲೇ ಕೂತಿದ್ರಲ್ಲ ಅಕ್ಕ. ಈ ಕಂಬಕ್ಕೇ ಒರಗಿಕೊಂಡು, ಈ ಪೋಸ್ಟರ್ ಕೆಳಗೇ. ಒಂದು ಹಗಲೆಲ್ಲ ಕೂತಿದ್ರು. ನಾನೇ ಹಣ್ಣು ಕೊಟ್ಟೆ." ಅವಳ ದನಿ ಇಳಿಯಿತು. "ಇದರಲ್ಲಿ ಯಾರೋ ದೊಡ್ಡ ವಿದ್ವಾಂಸರ ಥರ ಇದ್ರು. ಅವರು ಪಾಪ ಹಲ್ಲಿಲ್ಲದ ಸಣ್ಣ ಮನುಷ್ಯ. ಇಬ್ಬರೂ ಒಬ್ರೇ ಅಂತ ನನಗೆ ಹೇಗಣ್ಣ ಹೊಳೀಬೇಕು?"

ಲೆನ್ಸಣ್ಣನ ಕೈಯಲ್ಲಿದ್ದ ಅಂಟಿನ ಬಕೆಟ್ಟು ಕೆಳಗೆ ಬಿತ್ತು. ಅಪ್ಪನ ತಲೆಯ ಮೇಲೆ ಅಪ್ಪನದೇ ಫೋಟೊ ಅಂಟಿಸಿ, ತಾನು ಊರೂರು ಅಲೆಯುತ್ತಿದ್ದೆ ಎಂಬುದು ಅವನ ತಲೆಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ಅವನು ಆ ಕಂಬಕ್ಕೆ ತಲೆ ಚಚ್ಚಿಕೊಳ್ಳತೊಡಗಿದ. ಹಣ್ಣಿನವಳೂ ಹೆಂಡತಿಯೂ ಸೇರಿ ಹಿಡಿದು ಕೂರಿಸಿದರು.

ಹಣ್ಣಿನವಳ ಮಾತಿನಿಂದ ದಾರಿ ಸಿಕ್ಕಿತು. ಸಂಜೆ ಬಸ್ಸೊಂದಕ್ಕೆ ಬ್ರೆಡ್ಡಿನ ಟ್ರೇ ಹತ್ತಿಸುತ್ತಿದ್ದರಂತೆ. ಮುದುಕ ಎದ್ದು ಹೋಗಿ ತಾನೂ ಒಂದು ಟ್ರೇಗೆ ಕೈ ಹಚ್ಚಿ, ಅದರ ಹಿಂದೆಯೇ ಬಸ್ಸು ಹತ್ತಿದನಂತೆ. ಆ ಬಸ್ಸಿನ ಕಂಡಕ್ಟರನಿಗೂ ಹೊಸ ಫೋಟೊ ನೋಡಿದ ಕೂಡಲೇ ನೆನಪಾಯಿತು. ಟಿಕೆಟ್ ಇಲ್ಲದವನನ್ನು ಅರ್ಧದಲ್ಲಿ ಇಳಿಸಲು ಮನಸ್ಸಾಗದೆ ಕೊನೆಯ ನಿಲ್ದಾಣದವರೆಗೂ ಬಿಟ್ಟಿದ್ದ. ಅಲ್ಲಿ ವಿಚಾರಿಸಿದಾಗ, ರಸ್ತೆಯ ಬದಿಯಲ್ಲಿ ಬಿದ್ದಿದ್ದ ಒಬ್ಬ ಮುದುಕನನ್ನು ಯಾರೋ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿಯಿತು.

ಜನರಲ್ ವಾರ್ಡು ಉದ್ದಕ್ಕೆ ರೈಲು ಬೋಗಿಯ ಹಾಗಿತ್ತು. ಫಿನಾಯಿಲ್ ವಾಸನೆ, ಕಬ್ಬಿಣದ ಮಂಚಗಳು, ಮಂದ ಬೆಳಕು. ಲೆನ್ಸಣ್ಣ ಮುಂದೆ, ಹೆಂಡತಿ ಹಿಂದೆ. ಒಂದೊಂದೇ ಮುಖ ನೋಡುತ್ತ ಅವನು ವಾರ್ಡಿನ ತುದಿ ಮುಟ್ಟಿದ. ಇಲ್ಲ ಎಂದು ತಿರುಗಿದ. ತಿರುಗಿದಾಗ ಹೆಂಡತಿ ನಡುವಿನ ಒಂದು ಮಂಚದ ಪಕ್ಕ ನಿಂತಿದ್ದಳು. ತಲೆ ನುಣ್ಣಗೆ ಬೋಳಿಸಿ, ಗಡ್ಡ ತೆಗೆದು, ಹಸಿರು ಬಟ್ಟೆ ಹಾಕಿದ್ದ ಒಂದು ಹಿಡಿ ಜೀವ. ಅವನು ಆಗಷ್ಟೇ ಅದನ್ನು ದಾಟಿಕೊಂಡು ಹೋಗಿದ್ದ.

"ಮಾವ," ಅಂದಳು ಅವಳು.

ಮುದುಕ ಕಣ್ಣು ಬಿಟ್ಟು, ಅವಳ ದನಿ ಬಂದ ಕಡೆ ಮುಖ ಹೊರಳಿಸಿದ. "ಬಂದ್ಯಾ ತಾಯಿ. ಕಾಲು ತಣ್ಣಗಾಗ್ತಿದೆ, ಸ್ವಲ್ಪ ಹೊದಿಸು," ಅಂದ. ಅವಳು ಹೊದಿಕೆ ಸರಿಮಾಡಲು ಕೈ ಚಾಚಿದಳು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ಬರಿಗಾಲಲ್ಲಿ ನಡೆದು ಆದ ಗಾಯ ಕೊಳೆತು ಮೇಲಕ್ಕೇರಿತ್ತು. ಬೇರೆ ದಾರಿಯಿರಲಿಲ್ಲ ಎಂದು ಡಾಕ್ಟರು ಹೇಳಿದರು. ವಯಸ್ಸಿನಲ್ಲಿ ಚಿಕ್ಕವರು, ಮೆತ್ತಗಿನ ಮಾತು. ಸ್ವಲ್ಪ ಮೊದಲು ಮನೆಯವರು ಸಿಕ್ಕಿದ್ದರೆ, ಸಕ್ಕರೆ ಕಾಯಿಲೆ ಇದೆ ಎಂದು ಮೊದಲೇ ಗೊತ್ತಾಗಿದ್ದರೆ ಕಾಲು ಉಳಿಯುತ್ತಿತ್ತೋ ಏನೋ ಎಂದರು. ಅವರು ತಪ್ಪು ಹೊರಿಸಲೆಂದು ಹೇಳಿದ್ದಲ್ಲ. ಲೆನ್ಸಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತ. ಮುದುಕ ಅವನನ್ನು ತೋರಿಸಿ, ಇವರು ಯಾರಮ್ಮ, ಪಾಪ ಯಾಕೆ ಅಳ್ತಿದ್ದಾರೆ, ಅವರ ಕಡೆಯವರೂ ಇಲ್ಲಿದ್ದಾರಾ ಎಂದು ಸೊಸೆಯನ್ನು ಕೇಳಿದ.

ಮನೆಗೆ ಕರೆತಂದರು. ಅದಾದ ಮೇಲೆ ಮುದುಕ ಬದುಕಿದ್ದು ಮಳೆಗಾಲ ಮುಗಿಯುವವರೆಗೆ. ಆ ತಿಂಗಳುಗಳಲ್ಲಿ ಲೆನ್ಸಣ್ಣ ಅಪ್ಪನನ್ನು ಎತ್ತಿ ಕೂರಿಸಿದ, ಮೈ ಒರೆಸಿದ, ಉಣಿಸಿದ. ಗಡ್ಡ ಕೆರೆಯುವಾಗ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ. ಹೊಸ ಲೆನ್ಸು ಮಾರಿಬಿಡುತ್ತೇನೆ ಎಂದ, ಹೆಂಡತಿ ಬೇಡವೆಂದಳು. ಕ್ಯಾಮೆರಾ ಏನು ಮಾಡಿತು ಪಾಪ, ಚಿಲಕ ಅದು ತೆಗೆದದ್ದಲ್ಲ ಎಂದಳು. ಆ ಮಾತು ಅವನನ್ನು ಸಮಾಧಾನ ಮಾಡಲಿಲ್ಲ, ಅವಳೂ ಸಮಾಧಾನಕ್ಕೆಂದು ಹೇಳಿರಲಿಲ್ಲವೇನೋ. ಅವರಿಬ್ಬರ ನಡುವೆ ಬಹಳ ದಿನ ಮಾತು ಕಡಿಮೆಯಿತ್ತು. ಬಹುಮಾನದ ಫೋಟೊವನ್ನು ಅವನು ಗೋಡೆಯಿಂದ ಇಳಿಸಿದ. ಅದಿದ್ದ ಜಾಗದಲ್ಲಿ ಸುಣ್ಣ ಮಾತ್ರ ಬೇರೆ ಬಣ್ಣಕ್ಕಿತ್ತು.

ಅಪ್ಪ ತೀರಿಕೊಂಡ ಮೇಲೆ, ಒಂದು ಭಾನುವಾರ ಅವನು ಅದೇ ಆಸ್ಪತ್ರೆಗೆ ಹೋದ. ಹೆಸರು ಗೊತ್ತಿಲ್ಲದ, ಮನೆಯವರು ಯಾರೆಂದು ತಿಳಿಯದ ರೋಗಿಗಳು ಅಲ್ಲಿ ಯಾವಾಗಲೂ ಇರುತ್ತಾರೆ. ಅವರ ಫೋಟೊ ತೆಗೆದುಕೊಡುತ್ತೇನೆ ಎಂದು ಮೇಲ್ವಿಚಾರಕಿಯನ್ನು ಕೇಳಿಕೊಂಡ. ಮೊದಲು ಹೆಂಡತಿಯ ಸಣ್ಣ ಕ್ಯಾಮೆರಾ ಒಯ್ದಿದ್ದ. ಆದರೆ ವಾರ್ಡಿನ ಮಂದ ಬೆಳಕಿನಲ್ಲಿ ಅದು ಫ್ಲ್ಯಾಷ್ ಹೊಡೆಯದೆ ಏನನ್ನೂ ಕಾಣುತ್ತಿರಲಿಲ್ಲ, ಹೊಡೆದರೆ ರೋಗಿಗಳು ಬೆಚ್ಚಿಬಿದ್ದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಂದಿನ ವಾರ ದೊಡ್ಡ ಕ್ಯಾಮೆರಾವನ್ನೇ ಒಯ್ದ. ಅದು ಆ ಕತ್ತಲಲ್ಲೂ ಸದ್ದಿಲ್ಲದೆ ಎಲ್ಲವನ್ನೂ ಕಂಡಿತು. ಎರಡೂ ಕಿವಿ, ಹಣೆ, ಮಚ್ಚೆ, ಗಾಯದ ಗುರುತು, ಆಮೇಲೆ ನಿಲ್ಲಬಲ್ಲವರದು ಕಾಲಿನವರೆಗೂ ಒಂದು. ಇಷ್ಟೇ ತೆಗೆಯುತ್ತಾನೆ. ಯಾವ ಕ್ಯಾಮೆರಾ ಒಳ್ಳೆಯದಣ್ಣ ಎಂದು ಈಗಲೂ ಗಿರಾಕಿಗಳು ಕೇಳುತ್ತಾರೆ. ದೊಡ್ಡದೇ ಒಳ್ಳೆಯದು ಎನ್ನುತ್ತಾನೆ, ಆಮೇಲೆ ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ವಿಚಾರಿಸುತ್ತಾನೆ.

ಅವನು ಫೋಟೊ ತೆಗೆದವರಲ್ಲಿ ಕೆಲವರನ್ನು ಮನೆಯವರು ಬಂದು ಕರೆದೊಯ್ದಿದ್ದಾರೆ. ಹೆಚ್ಚಿನವರನ್ನು ಇಲ್ಲ. ಹೆಂಗಸರ ವಾರ್ಡಿನಲ್ಲಿ ಮಾತು ಬಾರದ ಒಬ್ಬ ಹೆಂಗಸಿದ್ದಾಳೆ. ಮೊದಲ ಸಲ ಫೋಟೊ ತೆಗೆದು ತೋರಿಸಿದಾಗ ತಲೆ ಅಡ್ಡಡ್ಡ ಆಡಿಸಿದಳು. ನರ್ಸ್‌ನ ಬಾಚಣಿಗೆಯನ್ನು ಸನ್ನೆಯಲ್ಲೇ ಕೇಳಿ ತೆಗೆದುಕೊಂಡು ಬೈತಲೆಯನ್ನು ಎಡಕ್ಕೆ ತೆಗೆದು, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿಕೊಂಡು ನೆಟ್ಟಗೆ ಕೂತಳು. ಮನೆಯವರು ತನ್ನನ್ನು ಕಂಡಿದ್ದದ್ದು ಹಾಗೆ ಎಂದು ಅವಳ ಲೆಕ್ಕ ಇರಬೇಕು. ಆ ಫೋಟೊ ಬಸ್ ನಿಲ್ದಾಣಗಳಲ್ಲಿ ಬಿಸಿಲಿಗೆ ಬಿಳಿಚಿಕೊಂಡಾಗಲೆಲ್ಲ ಲೆನ್ಸಣ್ಣನ ಹೆಂಡತಿ ಹೊಸದಾಗಿ ಪ್ರಿಂಟ್ ಹಾಕಿ ಕೊಡುತ್ತಾಳೆ. ಆಕೆಯನ್ನು ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ.